ಟಿಬಿ ವಾಸಿಯಾದವರ ಕಫದಲ್ಲಿ ರಕ್ತ: ಮತ್ತೆ ಟಿಬಿಯೇ ಇರಬೇಕಾ?

ತಂದೆಗೆ ಹಿಂದೆ ಟಿಬಿ ಬಂದು ವಾಸಿಯಾಗಿತ್ತು. ಈಗ ನಾಲ್ಕು ತಿಂಗಳಿಂದ ಕೆಮ್ಮು, ಸುಸ್ತು, ಆಗಾಗ ಕಫದಲ್ಲಿ ರಕ್ತ. ಕಫದಲ್ಲಿ ಟಿಬಿ ಸಿಗದಿದ್ದರೂ ಎಕ್ಸ್‌ರೇ ನೋಡಿ ಮತ್ತೆ ಟಿಬಿ ಮಾತ್ರೆ ಕೊಟ್ಟಿದ್ದಾರೆ, ಗುಣ ಕಾಣುತ್ತಿಲ್ಲ, ಬೇರೇನಿರಬಹುದು ಅಂತ ಕೇಳಿದ್ದೀರಿ.

ನಾನು ಶ್ವಾಸಕೋಶದ ವೈದ್ಯ. ಇಂಥವರಲ್ಲಿ ನನಗೆ ಮೊದಲು ಅನುಮಾನ ಬರುವುದು ಆಸ್ಪರ್ಜಿಲಸ್ ಅನ್ನುವ ಫಂಗಸ್ ಮೇಲೆ. ಅದರ ಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ, ಎಲ್ಲರ ಮೂಗಿಗೂ ಹೋಗುತ್ತವೆ. ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಆದರೆ ಹಳೆಯ ಟಿಬಿ ಶ್ವಾಸಕೋಶದಲ್ಲಿ ಟೊಳ್ಳು ಮಾಡಿ ಹೋಗಿದ್ದರೆ ಅದು ಅಲ್ಲೇ ಬೇರೂರಬಹುದು. ಕೆಮ್ಮು, ರಕ್ತ, ತೂಕ ಇಳಿಯುವುದು ಎಲ್ಲವೂ ಟಿಬಿ ತರಹವೇ. ಎಕ್ಸ್‌ರೇ ಒಂದನ್ನೇ ನೋಡಿ ಯಾರೂ ಬೇರ್ಪಡಿಸಲಾರರು.

ಕೇಳಬೇಕಾದದ್ದು ಮೂರು: ಎದೆಯ ಸಿಟಿ ಸ್ಕ್ಯಾನ್, ಕಫದ ಟಿಬಿ ಕಲ್ಚರ್ (ಜೀವಂತ ರೋಗಾಣು ಬೆಳೆಯುತ್ತದಾ ಅಂತ ಲ್ಯಾಬ್‌ನಲ್ಲಿ ನೋಡುವುದು), ರಕ್ತದಲ್ಲಿ ಆಸ್ಪರ್ಜಿಲಸ್ ಐಜಿಜಿ (ಈ ಫಂಗಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ). ಐಜಿಇ ಅಲ್ಲ, ಐಜಿಜಿ. ಐಜಿಇ ಅಲರ್ಜಿಗೆ ಮಾಡುವ ಪರೀಕ್ಷೆ, ಅದು ನಾರ್ಮಲ್ ಬಂತು ಅಂತ ಈ ಕಾಯಿಲೆಯನ್ನು ಕೈಬಿಡುವ ಹಾಗಿಲ್ಲ. ಕಫದಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಟಿಬಿ ಅಂಶ ತೀರಾ ಅಲ್ಪ ಅಂತ ಬಂದರೂ ಅವಸರ ಬೇಡ. ಹಿಂದೆ ಟಿಬಿ ಆಗಿದ್ದವರಲ್ಲಿ ಸತ್ತ ರೋಗಾಣುವಿನ ಅವಶೇಷವೂ ಹಾಗೆ ತೋರಿಸಬಹುದು. ಅದಕ್ಕೇ ಕಲ್ಚರ್ ಬೇಕು ಅನ್ನುವುದು.

ಫಂಗಸ್ ಅಂತ ಖಚಿತವಾದರೆ ಸಾಮಾನ್ಯವಾಗಿ ಇಟ್ರಾಕೊನಜೋಲ್ ಅನ್ನುವ ಫಂಗಸ್ ಔಷಧ ಕೊಡುತ್ತೇವೆ, ಕಡಿಮೆ ಅಂದರೂ 6 ತಿಂಗಳು. ಇಲ್ಲೇ ದೊಡ್ಡ ತೊಡಕು ಇರುವುದು. ಟಿಬಿಗೆ ಕೊಡುವ ರಿಫಾಂಪಿಸಿನ್ ಅನ್ನುವ ಮಾತ್ರೆ ಈ ಔಷಧವನ್ನು ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ನುಂಗಿಸಿ 'ಎರಡಕ್ಕೂ ಇರಲಿ' ಅಂದುಕೊಂಡರೆ ಫಂಗಸ್‌ಗೆ ಸುಮ್ನೆ ಮಾತ್ರೆ ಕೊಟ್ಟಂತೆ. ಹಾಗಂತ ಟಿಬಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರು ತೀರ್ಮಾನಿಸಲಿ. ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಆ್ಯಸಿಡಿಟಿ ಮಾತ್ರೆ ಜೊತೆಗಿದ್ದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಕಾಲು ಊದಿದರೆ, ಕಣ್ಣು ಹಳದಿಯಾದರೆ ತಡ ಮಾಡಬೇಡಿ. ಲಿವರ್ ಪರೀಕ್ಷೆ ಆಗಾಗ ಆಗಬೇಕು.

ರಕ್ತ ಜಾಸ್ತಿ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ರಕ್ತ ಸೋರುವ ನಾಳವನ್ನು ಒಳಗಿಂದಲೇ ಮುಚ್ಚುವ ಎಂಬೊಲೈಸೇಶನ್ ಅನ್ನುವ ಚಿಕಿತ್ಸೆ ಇದೆ. ಫಂಗಸ್ ಗಡ್ಡೆ ಒಂದೇ ಕಡೆ ಇದ್ದು ಶ್ವಾಸಕೋಶಕ್ಕೆ ಶಕ್ತಿ ಇದ್ದರೆ ಆಪರೇಷನ್ನೂ ಮಾಡಬಹುದು.

ಮನೆಯವರಿಗೆ ಹರಡುತ್ತದಾ ಅಂತಲೂ ಕೇಳಿದ್ದೀರಿ. ಫಂಗಸ್ ಹರಡುವುದಿಲ್ಲ. ಆದರೆ ಟಿಬಿ ಹರಡಬಹುದು, ಅದು ಇದೆಯೋ ಇಲ್ಲವೋ ಹೇಳುವ ಕಲ್ಚರ್ ವರದಿಗೆ 6ರಿಂದ 8 ವಾರ ಹಿಡಿಯಬಹುದು. ಅಲ್ಲಿವರೆಗೆ ತಂದೆಗೆ ಮಾಸ್ಕ್ ಹಾಕಿಸಿ, ಕಿಟಕಿ ತೆರೆದಿಡಿ.