ಬದು ಒಡೆಯುವ ರೈತನಿಗೆ ಬುದ್ಧಿ ಹೇಳುವ ಮುಂಚೆ

ಈ ಸಲ ಒಂದು ಪ್ರಶ್ನೆಗೆ ಮಾತ್ರ ಉದ್ದದ ಉತ್ತರ ಕೊಡುತ್ತೇನೆ. ಇದೇ ಪ್ರಶ್ನೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ, ಪ್ರತಿ ಸಲವೂ ರೈತನನ್ನು ಬೈಯುವ ಧಾಟಿಯಲ್ಲೇ ಬರುತ್ತದೆ. ನನಗೆ ಅದನ್ನು ಸಹಿಸಲು ಆಗುವುದಿಲ್ಲ. ಬದು ಅಂದರೆ ಮಳೆನೀರು, ಮಣ್ಣು ತಡೆಯಲು ಇಳಿಜಾರಿಗೆ ಅಡ್ಡ ಹಾಕುವ ಮಣ್ಣಿನ ದಿಬ್ಬ. ಅದಕ್ಕಿಂತ ಹೆಚ್ಚಿನ ಪಾಠ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ (ಜಯನಗರದಿಂದ): ಮಾಗಡಿ ಹತ್ತಿರ ನಮ್ಮ ಊರಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಕಂದಕ ಬದು ಹಾಕಿಕೊಟ್ಟಿದ್ದರು. ಎರಡೇ ವರ್ಷದಲ್ಲಿ ಅರ್ಧ ಜನ ಅದನ್ನು ಒಡೆದು ಉತ್ತುಬಿಟ್ಟಿದ್ದಾರೆ. ನಮ್ಮ ರೈತರಿಗೆ ಇದು ಯಾಕೆ ಅರ್ಥವಾಗುವುದಿಲ್ಲ? ತಿಳಿವಳಿಕೆ ಶಿಬಿರ ಮಾಡಿಸಿದರೆ ಸರಿಹೋಗುತ್ತದಾ?

ಅವರಿಗೆ ಅರ್ಥವಾಗಿದೆ. ನಿಮಗಿಂತ ಚೆನ್ನಾಗಿಯೇ ಅರ್ಥವಾಗಿದೆ. ಮಳೆ ಹೊಡೆದ ಮಾರನೇ ಬೆಳಿಗ್ಗೆ ಹೊಲಕ್ಕೆ ಹೋಗಿ, ರಾಗಿ ಪೈರಿನ ಬುಡ ತೊಳೆದು ಬೇರು ಮೇಲೆ ಬಂದಿರುವುದನ್ನು ನೋಡುವವರು ಅವರು. ಶಿಬಿರ ಬೇಡ. ಹೊಲ ಯಾವ ಆಕಾರದಲ್ಲಿದೆ ಅಂತ ಒಂದು ಸಲ ಹೋಗಿ ನೋಡಿ.

ಆ ಕಡೆಯದೇ ಒಂದು ಹೊಲದ ಲೆಕ್ಕ ಹೇಳುತ್ತೇನೆ. ಅಪ್ಪನ ಕಾಲದಲ್ಲಿ ನಾಲ್ಕೂವರೆ ಎಕರೆ. 180 ಅಡಿ ಅಗಲ, 1,089 ಅಡಿ ಉದ್ದ, ಉದ್ದಕ್ಕೇ ಇಳಿಜಾರು. ಮೇಲ್ಗಡೆ ಕಲ್ಲು ಜಾಸ್ತಿ, ಕೆಳಗಡೆ ಒಳ್ಳೆ ಮಣ್ಣು. ಮೂವರು ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಅಡ್ಡಕ್ಕೆ ಸೀಳಲಿಲ್ಲ. ಹಾಗೆ ಮಾಡಿದ್ದರೆ ಒಬ್ಬನ ಪಾಲಿಗೆ ಬರೀ ಕಲ್ಲು ಬರುತ್ತಿತ್ತು. ನ್ಯಾಯವಾಗಿ ಉದ್ದಕ್ಕೆ ಸೀಳಿದರು. ಒಬ್ಬೊಬ್ಬರಿಗೆ 60 ಅಡಿ ಅಗಲದ ಪಟ್ಟಿ, ಒಂದೂವರೆ ಎಕರೆ.

ಈಗ ಅಲ್ಲಿಗೆ ಟ್ರಾಕ್ಟರ್ ಕರೆಸಿ. ಬಾಡಿಗೆ ಗಂಟೆ ಲೆಕ್ಕ. ಅಡ್ಡಕ್ಕೆ ಉತ್ತರೆ 60 ಅಡಿಗೊಂದು ಸಲ ತಿರುಗಿಸಬೇಕು, ಗಂಟೆ ಸುಮ್ನೆ ಓಡುತ್ತದೆ, ಡ್ರೈವರ್ ಒಪ್ಪುವುದೇ ಇಲ್ಲ. ಹಾಗಾಗಿ ಉದ್ದಕ್ಕೆ ಉಳುತ್ತಾರೆ. ಅಂದರೆ ಇಳಿಜಾರಿನ ಗುಂಟ. ಪ್ರತಿ ಸಾಲೂ ಒಂದೊಂದು ಕಾಲುವೆಯಾಗುತ್ತದೆ. ಇಳಿಜಾರಿಗೆ ಅಡ್ಡ ಉಳಬೇಕು ಅನ್ನುವುದು ಆ ರೈತನಿಗೆ ಗೊತ್ತಿಲ್ಲದೆ ಅಲ್ಲ.

ಇದರ ಮೇಲೆ ಬದು ಬರುತ್ತದೆ. ಕಂದಕ, ಬದು ಎರಡೂ ಸೇರಿ ಏಳೆಂಟು ಅಡಿ ಅಗಲ ಹೋಗುತ್ತದೆ. 100 ಅಡಿಗೊಂದರಂತೆ ಹತ್ತು ಬದು ಹಾಕಿದರೆ ಆ ಒಂದೂವರೆ ಎಕರೆಯಲ್ಲಿ, ಅಂದರೆ 60 ಗುಂಟೆಯಲ್ಲಿ, ನಾಲ್ಕು ಗುಂಟೆ ಹೋಯಿತು. ಆ ನಾಲ್ಕು ಗುಂಟೆಯ ರಾಗಿ ಹೋಗುವುದು ಈ ವರ್ಷವೇ. ಮಣ್ಣು ಉಳಿದದ್ದರ ಫಲ ಕಾಣುವುದು ಎಷ್ಟೋ ವರ್ಷ ಆದ ಮೇಲೆ.

ಇನ್ನು ನೀರು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ಸಂಜೆ ಒಂದು ಜೋರು ಮಳೆ, 40 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಒಂದೂವರೆ ಎಕರೆಗೆ 2 ಲಕ್ಷ 40 ಸಾವಿರ ಲೀಟರ್ ಆಯಿತು. ನಮ್ಮ ಕೆಂಪು ಮಣ್ಣಿನ ಮೇಲ್ಪದರ ಹನಿಯ ಹೊಡೆತಕ್ಕೆ ಬೇಗ ಹೆಪ್ಪುಗಟ್ಟುತ್ತದೆ, ನೀರು ಇಂಗುವುದು ನಿಂತು ಹರಿಯಲು ಶುರುವಾಗುತ್ತದೆ. ಮೂರರಲ್ಲಿ ಒಂದು ಪಾಲು ಹರಿದರೂ 80 ಸಾವಿರ ಲೀಟರ್. ನಿಮ್ಮ ಬೀದಿಗೆ ಬರುವ 6 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 13 ಟ್ಯಾಂಕರ್. ಅಣ್ಣನ ಪಟ್ಟಿಯಲ್ಲಿ ಬದು ಹಾಕಿದವರು ಇದಕ್ಕೆ ಕೋಡಿಯನ್ನೇ, ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿಯನ್ನೇ, ಇಟ್ಟಿರಲಿಲ್ಲ. ನೀರು ನಿಂತಿತು, ಒಂದು ಇಲಿ ಬಿಲ ಸಿಕ್ಕಿತು, ಬೆಳಗಾಗುವುದರೊಳಗೆ ಮೊಣಕಾಲುದ್ದ ಕೊರಕಲು ಬಿದ್ದು ತಮ್ಮನ ಹೊಲದ ಪೈರಿನ ಮೇಲೆ ಮಣ್ಣು ಕೂತಿತ್ತು. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಯಿತು. ಮುಂದಿನ ಮಳೆಗೆ ಮುಂಚೆ ಅಣ್ಣ ತಾನೇ ಗುದ್ದಲಿ ಹಿಡಿದು ಉಳಿದ ಬದುಗಳನ್ನೂ ಕಿತ್ತು ಹಾಕಿದ. ನಾನಾಗಿದ್ದರೂ ಕೀಳುತ್ತಿದ್ದೆ. ಕೋಡಿ ಇಲ್ಲದ ಬದುವಿಗಿಂತ ಬದು ಇಲ್ಲದಿರುವುದೇ ವಾಸಿ.

ಹಾಗಾದರೆ ಏನು ಮಾಡಬೇಕು? ಮೊದಲು ಮೂವರನ್ನೂ ಒಂದು ಕಡೆ ಕೂರಿಸಿ. ಒಂದೇ ದಿನ ಒಂದೇ ಟ್ರಾಕ್ಟರ್. ಗಡಿ ಕಲ್ಲು ಇದ್ದಲ್ಲೇ ಇರಲಿ, ಉಳುಮೆ ಮಾತ್ರ 180 ಅಡಿ ಅಡ್ಡಕ್ಕೆ ಹೋಗಲಿ. ಆಗ ಡ್ರೈವರ್ ಕೂಡ ತಕರಾರು ಮಾಡುವುದಿಲ್ಲ. ಬದು ಹತ್ತು ಬೇಡ, ಮೂರೂ ಪಟ್ಟಿ ಸೇರಿಸಿ ಮೂರು ನಾಲ್ಕು ಸಾಕು, ಆದರೆ ಮಟ್ಟ ಹಿಡಿದು ಹಾಕಬೇಕು. ಮಟ್ಟಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಗಾರೆ ಕೆಲಸದವರು ನೀರು ತುಂಬಿಸಿ ಹಿಡಿಯುವ ಪಾರದರ್ಶಕ ಪೈಪ್ ಸಾಕು. ಪ್ರತಿ ಬದುವಿಗೂ ಒಂದು ಕೋಡಿ, ಹಳ್ಳದ ಕಡೆಗೆ, ಬದುವಿನ ತಲೆಗಿಂತ ತಗ್ಗಿನಲ್ಲಿ, ಕಲ್ಲು ಜೋಡಿಸಿ. ಆ ಜಾಗ ಯಾವುದು ಅಂತ ಮೂವರೂ ಒಪ್ಪುವ ತನಕ ಜೆಸಿಬಿ ಕರೆಸಬೇಡಿ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು.

ಬದುವಿನ ಮೇಲೆ ಹಸುವಿಗೆ ಆಗುವ ಹುಲ್ಲು ಹಾಕಿ, ನಡುನಡುವೆ ಗೊಬ್ಬರದ ಗಿಡ, ತೊಗರಿ ಇರಲಿ. ಹೋದ ಜಾಗದಿಂದ ಮೊದಲ ವರ್ಷವೇ ಏನಾದರೂ ಕೈಗೆ ಬಂದರೆ ಆ ಬದುವನ್ನು ಯಾರೂ ಕೀಳುವುದಿಲ್ಲ. ಹೊಲದೊಳಗೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ತೊಗರಿಯ ಜೋಡಿ ಸಾಲಿನ ಮಧ್ಯೆ ಒಂದು ಆಳದ ಸಾಲು ಹೊಡೆಯಿರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಯವರು ಹೇಳುವುದು ಇದನ್ನೇ. ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು ಹಾಕುವ ನಮ್ಮ ಹಿರಿಯರ ಅಕ್ಕಡಿ ಸಾಲಿಗೆ ಇದು ಬಹಳ ಹತ್ತಿರ, ಆದ್ದರಿಂದ ರೈತರು ಸುಲಭವಾಗಿ ಒಪ್ಪುತ್ತಾರೆ.

ಇನ್ನೊಂದು ಮಾತು. ನಿಮ್ಮ ಊರಿನ ಎಷ್ಟು ಹೊಲ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಮೇಲೆ ಬೇರೆಯವರಿಗೆ ಉಳಲು, ಕೊಟ್ಟದ್ದು ಅಂತ ವಿಚಾರಿಸಿ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಹತ್ತು ವರ್ಷ ಉಳಿಯುವ ಬದು ಯಾಕೆ ಹಾಕುತ್ತಾನೆ? ನಾಳೆ ಸೈಟು ಆಗುತ್ತದೆ ಅಂತ ಬ್ರೋಕರ್ ವಾರಕ್ಕೊಮ್ಮೆ ಬಂದು ಕೂರುವ ಹೊಲದ ಕಥೆಯೂ ಅಷ್ಟೇ. ಜಮೀನು ನಿಮ್ಮದಾಗಿದ್ದು ಬೇರೆಯವರು ಉಳುತ್ತಿದ್ದರೆ ಬದುವಿನ ಖರ್ಚು ನೀವೇ ಕೊಡಿ.

ಪ್ರಶ್ನೆ (ಯಲಹಂಕದಿಂದ): ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ತೋರಿಸುವವರನ್ನು ನಂಬಬಹುದಾ?

ಬೇಡ. ಆ ದುಡ್ಡನ್ನು ಭೂವಿಜ್ಞಾನ ಓದಿದವರಿಗೆ ಕೊಡಿ.

ಪ್ರಶ್ನೆ (ಹೊಸಕೋಟೆಯಿಂದ): ಎಕರೆಗೆ ಒಂದು ಲೀಟರ್ ದ್ರಾವಣ ಸಿಂಪಡಿಸಿದರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬದು ಬೇಕಾಗುವುದಿಲ್ಲ ಅಂತ ಒಬ್ಬರು ಮಾರುತ್ತಿದ್ದಾರೆ. ತೆಗೆದುಕೊಳ್ಳಲಾ?

ಎಕರೆಯ ಮೇಲಿಂದ ಒಂದೇ ಮಿಲಿಮೀಟರ್ ಮಣ್ಣು ತೆಗೆದರೂ ಐದು ಟನ್ನಿಗಿಂತ ಜಾಸ್ತಿ ತೂಗುತ್ತದೆ. ಅಷ್ಟು ಮಣ್ಣಿಗೆ ಒಂದು ಲೀಟರ್ ಏನು ಮಾಡೀತು? ಇದು ಶುದ್ಧ ಮೋಸ. ಕೊಟ್ಟಿಗೆ ಗೊಬ್ಬರ ಹಾಕಿ, ಕೆರೆಗೋಡು (ಕೆರೆಯ ಹೂಳು ಮಣ್ಣು) ಸಿಕ್ಕರೆ ಹೊಡೆಸಿ, ಕಳೆ ಕಿತ್ತದ್ದನ್ನು ಸುಡದೆ ಸಾಲಿನ ಮಧ್ಯೆ ಹಾಸಿ. ಮಾರಲು ಬಂದವರನ್ನು ಗೇಟಿನ ಆಚೆಯಿಂದಲೇ ಕಳಿಸಿ.

ಪ್ರಶ್ನೆ (ಆನೇಕಲ್ಲಿನಿಂದ): ರಸ್ತೆಯ ಚರಂಡಿ ನೀರನ್ನು ಒಣಗಿದ ಬೋರಿಗೆ ನೇರ ಬಿಟ್ಟರೆ ಮರುಪೂರಣ ಆಗುತ್ತದಲ್ವಾ?

ದಯವಿಟ್ಟು ಮಾಡಬೇಡಿ. ಆ ಕೊಳೆ ಪಕ್ಕದವರ ಕುಡಿಯುವ ಬೋರಿಗೂ ಹೋಗುತ್ತದೆ.

ಪ್ರಶ್ನೆ (ಕೆಂಗೇರಿಯಿಂದ): ಕನಕಪುರದ ತೋಟದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ತೆಗೆಸಿದ್ದೇವೆ. 3 ಲಕ್ಷ ಲೀಟರ್ ಹಿಡಿಯುತ್ತದಾ? ಎಷ್ಟು ದಪ್ಪದ ಪ್ಲಾಸ್ಟಿಕ್ ಹಾಸಬೇಕು?

ಹಿಡಿಯುವುದಿಲ್ಲ. ಪಕ್ಕಗಳು ಒಳಕ್ಕೆ ಇಳಿಜಾರಾಗಿ ಬರುವುದರಿಂದ ಹೆಚ್ಚುಕಡಿಮೆ ಒಂದೂವರೆ ಲಕ್ಷ ಲೀಟರ್. ನೀವು ಕಳಿಸಿದ ಫೋಟೊದಲ್ಲಿ ಹೊಂಡದ ಅಂಚಿನಲ್ಲಿ ಮಗು ನಿಂತಿದೆ, ಸುತ್ತ ಎಲ್ಲೂ ಬೇಲಿ ಇಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡ ಒದ್ದೆಯಾದರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಬಿದ್ದವರು ದೊಡ್ಡವರಾದರೂ ಮೇಲೆ ಹತ್ತಿ ಬರಲು ಆಗುವುದಿಲ್ಲ. ಮೊದಲು ಸುತ್ತ ಬೇಲಿ ಹಾಕಿಸಿ, ಗೇಟಿಗೆ ಬೀಗ ಹಾಕಿ, ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಅದರ ಫೋಟೊ ಕಳಿಸಿ. ಪ್ಲಾಸ್ಟಿಕ್ ಎಷ್ಟು ದಪ್ಪ ಅನ್ನುವುದನ್ನು ಆಮೇಲೆ ಹೇಳುತ್ತೇನೆ.