ಅಡವಿಟ್ಟ ಮೇಲಂಗಿಯನ್ನು ಸಂಜೆಯೊಳಗೆ ಏಕೆ ಮರಳಿಸಬೇಕಿತ್ತು?

ಪ್ರಶ್ನೆ: ಸಾಲಕ್ಕೆ ಅಡವಾಗಿ ಪಡೆದ ಬಟ್ಟೆಯನ್ನು ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬೇಕೆಂದು ಬೈಬಲಿನ ವಿಮೋಚನಕಾಂಡದ 22ನೇ ಅಧ್ಯಾಯ ಹೇಳುತ್ತದೆ. ಸಂಜೆಗೇ ಮರಳಿಸಬೇಕಾದ ಅಡವಿನಿಂದ ಸಾಲ ಕೊಟ್ಟವನಿಗೇನು ಲಾಭ? ಒಂದು ಬಟ್ಟೆಗೆ ಅಷ್ಟು ಬೆಲೆಯಿತ್ತೆ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಪ್ರಾಚೀನ ಇಸ್ರೇಲಿನ ಸಾಮಾನ್ಯನು ಮೈಗೊಂದು ಒಳಂಗಿ ತೊಟ್ಟು, ಅದರ ಮೇಲೆ ದಪ್ಪ ಉಣ್ಣೆಯ ಮೇಲಂಗಿಯನ್ನು ಹೊದೆಯುತ್ತಿದ್ದನು. ಕುರಿಯ ಉಣ್ಣೆಯನ್ನು ಕತ್ತರಿಸಿ, ತೊಳೆದು, ಕೈಕದಿರಿನಲ್ಲಿ ನೂತು, ಮಣ್ಣಿನ ಗುಂಡುಗಳನ್ನು ತೂಗುಬಿಟ್ಟ ನೇರಮಗ್ಗದಲ್ಲಿ ನೇಯುವಷ್ಟರಲ್ಲಿ ಮನೆಯ ಹೆಂಗಸರ ಎಷ್ಟೋ ದಿನಗಳ ದುಡಿಮೆ ಅದರಲ್ಲಿ ಸೇರಿರುತ್ತಿತ್ತು. ಬೈಬಲಿನಲ್ಲಿ ಸಿರಿಯಾದ ಸೇನಾಪತಿ ನಾಮಾನನು ಪ್ರವಾದಿ ಎಲೀಷನಿಗೆಂದು ತಂದ ಕಾಣಿಕೆಯಲ್ಲಿ ಬೆಳ್ಳಿಬಂಗಾರಗಳ ಜೊತೆಗೆ ಹತ್ತು ಜೊತೆ ಉಡುಪುಗಳಿದ್ದುದೂ, ಯೆರಿಕೋ ಪಟ್ಟಣದಲ್ಲಿ ಆಕಾನನೆಂಬ ಇಸ್ರೇಲನು ಬೆಳ್ಳಿ, ಬಂಗಾರದ ಗಟ್ಟಿಯೊಡನೆ ಶಿನಾರಿನ (ಬಾಬೆಲ್ ನಾಡಿನ) ಮೇಲಂಗಿಯೊಂದನ್ನು ಕದ್ದುದೂ ಬಟ್ಟೆಯೆಂದರೆ ಸಂಪತ್ತೇ ಆಗಿದ್ದುದಕ್ಕೆ ಸಾಕ್ಷಿ.

ಒತ್ತೆಯಿಡಲು ಬೇರೇನೂ ಇಲ್ಲದ ಬಡವನು ಕೊನೆಗೆ ಕೊಡುತ್ತಿದ್ದುದು ಈ ಮೇಲಂಗಿಯನ್ನು. ಅವನು ರಾತ್ರಿ ಹೊದ್ದು ಮಲಗುತ್ತಿದ್ದುದೂ ಅದನ್ನೇ. ನಿಯಮ ತನ್ನ ಕಾರಣವಾಗಿ ಹೇಳುವುದೂ ಇದನ್ನೇ. ಹಗಲಿನಲ್ಲಿ ಸಾಲಗಾರನ ಕೈಯಲ್ಲಿ ಮೇಲಂಗಿ ಇಲ್ಲದಿದ್ದರೆ ಅದನ್ನೇ ತೋರಿಸಿ ಮತ್ತೊಬ್ಬನಲ್ಲಿ ಸಾಲ ಎತ್ತುವಂತಿರಲಿಲ್ಲ, ಊರವರ ಕಣ್ಣಿಗೆ ಅವನ ಋಣವೂ ಬೀಳುತ್ತಿತ್ತು. ಸಾಲ ಕೊಟ್ಟವನಿಗೆ ಉಳಿಯುತ್ತಿದ್ದ ಲಾಭ ಇಷ್ಟೇ ಎಂಬುದು ನನ್ನ ಅಭಿಪ್ರಾಯ. ಬೈಬಲಿನ ಇನ್ನೊಂದು ಗ್ರಂಥವಾದ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಬಿಗಿಯಾಗಿದೆ: ಒತ್ತೆ ಪಡೆಯಲು ಬಂದವನು ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಂತಿರಬೇಕು, ವಿಧವೆಯ ಬಟ್ಟೆಯನ್ನಂತೂ ಒತ್ತೆಗೆ ತೆಗೆದುಕೊಳ್ಳಲೇಬಾರದು.

ನಿಯಮವಿದ್ದ ಮಾತ್ರಕ್ಕೆ ಎಲ್ಲರೂ ಪಾಲಿಸಿದರೆಂದಲ್ಲ. ಅಡವಿನ ಬಟ್ಟೆಗಳನ್ನೇ ಹಾಸಿಕೊಂಡು ಯಜ್ಞವೇದಿಗಳ ಪಕ್ಕದಲ್ಲಿ ಒರಗುವವರನ್ನು ಪ್ರವಾದಿ ಆಮೋಸನು ಖಂಡಿಸಿದ್ದಾನೆ. ಬೈಬಲಿನ ಹೊರಗಿನ ಸಾಕ್ಷ್ಯವೊಂದು 1960ರಲ್ಲಿ ಇಸ್ರೇಲಿನ ಕರಾವಳಿಯ ಕೋಟೆಯೊಂದರ ಅವಶೇಷಗಳಲ್ಲಿ ದೊರೆಯಿತು. ಕ್ರಿ.ಪೂ. 7ನೇ ಶತಮಾನದ ಕೊನೆಯ ಭಾಗದ ಆ ಮಡಕೆಚೂರಿನ ಮೇಲೆ ಕೊಯ್ಲಿನ ಆಳೊಬ್ಬನು ಅಧಿಕಾರಿಗೆ ಮಾಡಿಕೊಂಡ ಮನವಿ ಶಾಯಿಯಲ್ಲಿದೆ. ತಾನು ಕೊಯ್ದು ಅಳೆದು ಕಣಜಕ್ಕೆ ಹಾಕಿದ್ದರೂ ಹೋಶಯಾಹು ಎಂಬವನು ಬಂದು ತನ್ನ ಬಟ್ಟೆಯನ್ನು ಒಯ್ದನೆಂದೂ, ಬಿಸಿಲಲ್ಲಿ ಜೊತೆಗೆ ಕೊಯ್ದವರೆಲ್ಲ ತನ್ನ ಪರವಾಗಿ ಸಾಕ್ಷಿ ಹೇಳುವರೆಂದೂ, ಮರಳಿ ಕೊಡಿಸುವುದು ಅಧಿಕಾರಿಯ ಕರ್ತವ್ಯವಲ್ಲದಿದ್ದರೂ ಕನಿಕರದಿಂದಾದರೂ ಕೊಡಿಸಬೇಕೆಂದೂ ಅವನು ಬೇಡುತ್ತಾನೆ. ವಿಮೋಚನಕಾಂಡದ ನಿಯಮವನ್ನು ಅವನು ಎಲ್ಲಿಯೂ ಉಲ್ಲೇಖಿಸುವುದಿಲ್ಲ. ಆದ್ದರಿಂದ ಆ ನಿಯಮ ಅಲ್ಲಿ ಜಾರಿಯಲ್ಲಿತ್ತೆಂದು ಇದನ್ನೇ ಆಧಾರವಾಗಿಟ್ಟು ವಾದಿಸುವುದು ಅವಸರವಾದೀತು. ಬಾಕಿಗೆಂದು ಆಳಿನ ಬಟ್ಟೆ ಕಿತ್ತುಕೊಳ್ಳುವ ರೂಢಿಯಿದ್ದಿರಬೇಕು ಎಂಬುದನ್ನಂತೂ ಇದು ಸೂಚಿಸುತ್ತದೆ.

ಈ ಹಿನ್ನೆಲೆಯಿದ್ದರೆ ಯೇಸುವಿನ ಬದುಕು, ಬೋಧನೆಗಳನ್ನು ಹೇಳುವ ಸುವಾರ್ತೆಗಳ ಒಂದು ವ್ಯತ್ಯಾಸವೂ ಅರ್ಥವಾಗುತ್ತದೆ. ಮೇಲಂಗಿ ಕಸಿಯುವವನಿಗೆ ಒಳಂಗಿಯನ್ನೂ ಬಿಡಬೇಕೆಂಬ ಕ್ರಮ ಲೂಕನ ಸುವಾರ್ತೆಯಲ್ಲಿದೆ; ಕಳ್ಳನ ಕೈಗೆ ಮೊದಲು ಸಿಗುವುದು ಹೊರಗಿನ ಬಟ್ಟೆಯೇ ಅಲ್ಲವೆ? ಮತ್ತಾಯನ ಸುವಾರ್ತೆಯಲ್ಲಿ ಸಂದರ್ಭ ನ್ಯಾಯಾಲಯದ್ದು. ರಾತ್ರಿಯ ಹೊದಿಕೆಯನ್ನು ಧರ್ಮಶಾಸ್ತ್ರವೇ ಕಾಯ್ದಿದ್ದರಿಂದ ವಾದಿ ಒಳಂಗಿಗಾಗಿ ದಾವೆ ಹೂಡುತ್ತಾನೆ, ಮೇಲಂಗಿಯನ್ನೂ ಅವನಿಗೆ ಬಿಟ್ಟುಕೊಡೆಂದು ಯೇಸು ಹೇಳುವುದು ಆ ರಕ್ಷಣೆಯನ್ನು ತಿಳಿದಿದ್ದ ಕೇಳುಗರಿಗೆ.