ಅಪ್ಪನ ಕಾರಿಗೆ ಒಂದು ಕವಲುತೋಕೆ

ಪ್ರಶ್ನೆ: ನಮ್ಮ ಮನೆಯಲ್ಲಿ 1950ರ ದಶಕದ ಒಂದು ಕಾರಿದೆ. ಅಪ್ಪ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಬಾನೆಟ್ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯ ಬೊಂಬೆ ಇತ್ತು. ಅದು ಮುರಿದು ಕಳೆದುಹೋಗಿ ಬಹಳ ವರ್ಷವಾಯಿತು. ಈಗ ಎರಡು ತೂತು, ಒಂದು ಹಳೆಯ ಫೋಟೊ ಮಾತ್ರ ಉಳಿದಿವೆ. ಅಪ್ಪ ಕಾರಿನ ಶೆಡ್ಡಿನ ಬಾಗಿಲನ್ನು ಯಾವತ್ತೂ ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗೆ ಕವಲುತೋಕೆ ಹಕ್ಕಿ ಗೂಡು ಕಟ್ಟುತ್ತಿತ್ತು. ಹಳೆಯ ಬೊಂಬೆಯ ನಕಲು ಬೇಡ, ಕವಲುತೋಕೆಯನ್ನೇ ಕೂರಿಸೋಣ ಅಂತ ಅಮ್ಮನ ಆಸೆ. ಜೇಡಿಮಣ್ಣಿನಲ್ಲಿ ಬೊಂಬೆ ಮಾಡಿ ನನಗೆ ರೂಢಿ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಮ್ಮನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹಳೆಯ ಬೊಂಬೆ ಕಾರ್ಖಾನೆಯವರು ಕೊಟ್ಟಿದ್ದು. ಕವಲುತೋಕೆಗೆ ಜಾಗ ಕೊಟ್ಟವರು ನಿಮ್ಮ ಅಪ್ಪ ಅಲ್ವಾ?

ಆದರೆ ಮಣ್ಣು ಕಲಸುವ ಮೊದಲು ಬಾನೆಟ್ ಹತ್ತಿರ ಹೋಗಿ. ಎರಡು ತೂತುಗಳ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಆ ಜಾಗ ಚಪ್ಪಟೆಯಾಗಿ ಕಂಡರೂ ಸಾಮಾನ್ಯವಾಗಿ ಉದ್ದಕ್ಕೂ ಅಡ್ಡಕ್ಕೂ ಸ್ವಲ್ಪ ಉಬ್ಬಿರುತ್ತದೆ. ಅಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಎಪಾಕ್ಸಿ ಪುಟ್ಟಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು ಮುದ್ದೆ) ಒತ್ತಿ. ಗಟ್ಟಿಯಾದ ಮೇಲೆ ಎತ್ತಿದರೆ ಬಾನೆಟ್ಟಿನ ಉಬ್ಬು ಅದರ ಅಡಿಯಲ್ಲಿ ಹಾಗೇ ಮೂಡಿರುತ್ತದೆ. ಅದೇ ನಿಮ್ಮ ಪೀಠ. ಹಕ್ಕಿಯನ್ನು ಅದರ ಮೇಲೆ ಸರಿಯಾಗಿ ಕೂರುವ ಹಾಗೆ ಬೇರೆಯಾಗಿ ಕಟ್ಟಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಮಾಡಿದ ಮೊದಲ ಬೊಂಬೆ ಚಿಕ್ಕಪ್ಪನ ಕಾರಿನ ಕುದುರೆ. ತೂತುಗಳ ನಡುವೆ 60 ಮಿಲಿಮೀಟರ್ ಇತ್ತು. ಎರಕಕ್ಕೆ ಮೊದಲು ಮೇಣದಲ್ಲಿ ಬೊಂಬೆ ಮಾಡುತ್ತಾರೆ, ಅದರ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಆ ಮೇಣದಲ್ಲೂ ಸರಿಯಾಗಿ 60 ಇಟ್ಟು, ಬೋಲ್ಟುಗಳನ್ನೂ ಸೇರಿಸಿಯೇ ಎರಕ ಹೊಯ್ಯಿಸಿದೆ. ಬಂದದ್ದು 59. ಕಾದ ಲೋಹ ತಣಿಯುವಾಗ ಕುಗ್ಗುತ್ತದೆ. ಕಂಚು ನೂರಕ್ಕೆ ಸುಮಾರು ಒಂದೂವರೆ ಭಾಗ ಕುಗ್ಗುತ್ತದೆ, ಮೇಣದ್ದೂ ಸೇರಿದರೆ ಎರಡು ಅಂತ ಇಟ್ಟುಕೊಳ್ಳಿ. ಹಕ್ಕಿಯ ಉದ್ದ ಅಷ್ಟು ಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೋಲ್ಟು ಅಷ್ಟು ಸರಿದರೆ ಬೊಂಬೆ ಕೂರುವುದೇ ಇಲ್ಲ. ಅದಕ್ಕೇ ಪೀಠವನ್ನು ಸ್ವಲ್ಪ ದೊಡ್ಡದಾಗಿ, ಅಡಿಭಾಗ ದಪ್ಪವಾಗಿ ಮಾಡಿ. ಬೋಲ್ಟುಗಳನ್ನು ಎರಕದಲ್ಲಿ ಸೇರಿಸಬೇಡಿ. ಎರಕ ಬಂದ ಮೇಲೆ ಕಾರಿನ ತೂತುಗಳನ್ನೇ ಕಾಗದಕ್ಕೆ ಇಳಿಸಿಕೊಂಡು, ಆ ಗುರುತಿನಲ್ಲಿ ಕೊರೆದು ಟ್ಯಾಪ್ ಹಾಕಿಸಿ, ಅಂದರೆ ಬೋಲ್ಟು ತಿರುಗಿ ಕೂರುವಂತೆ ಒಳಗೆ ತಿರುಪಿನ ಗೆರೆ ಕೊರೆಸಿ. ಪೀಠಕ್ಕೂ ಬಾನೆಟ್ಟಿಗೂ ನಡುವೆ ತೆಳು ರಬ್ಬರ್ ಹಾಳೆ ಇರಲಿ. ಉಳಿದ ಸಂದನ್ನು ಅದು ತುಂಬುತ್ತದೆ, ಪೇಂಟ್ ಉಳಿಯುತ್ತದೆ, ಕಂಚು ಮತ್ತು ಬಾನೆಟ್ ಒಂದಕ್ಕೊಂದು ತಾಗಿ ತುಕ್ಕು ಹಿಡಿಯುವುದೂ ತಪ್ಪುತ್ತದೆ.

ಗಾತ್ರ ಎಷ್ಟಿರಬೇಕು? ಫೋಟೊದಲ್ಲಿ ಹೆಡ್‌ಲೈಟ್ ಕಾಣುತ್ತಿದ್ದರೆ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಆ ಕಾಲದ ಅನೇಕ ಕಾರುಗಳಲ್ಲಿ ಅದರ ಅಗಲ 7 ಇಂಚು, ಅಂದರೆ ಸುಮಾರು 178 ಮಿಲಿಮೀಟರ್. ನಿಮ್ಮದನ್ನೂ ಅಳೆದು ನೋಡಿ. ಹಳೆಯ ಹಕ್ಕಿ ಎಷ್ಟು ಎತ್ತರವಿತ್ತು ಅನ್ನುವ ಅಂದಾಜು ಸಿಗುತ್ತದೆ. ಆಮೇಲೆ ರಟ್ಟಿನಲ್ಲಿ ಕವಲುತೋಕೆಯ ಆಕಾರ ಕತ್ತರಿಸಿ ಬಾನೆಟ್ ಮೇಲೆ ನಿಲ್ಲಿಸಿ. ಹತ್ತು ಹೆಜ್ಜೆ ದೂರದಿಂದ ನೋಡಿ, ಡ್ರೈವರ್ ಸೀಟಿನಲ್ಲಿ ಕೂತೂ ನೋಡಿ. ಅಮ್ಮನನ್ನೂ ಅವರು ಯಾವಾಗಲೂ ಕೂರುತ್ತಿದ್ದ ಸೀಟಿನಲ್ಲಿ ಕೂರಿಸಿ ಕೇಳಿ. ನಾನು ಪ್ರತಿ ಸಲವೂ ಮೂರು ನಾಲ್ಕು ರಟ್ಟು ಕತ್ತರಿಸುತ್ತೇನೆ. ಹೆಚ್ಚಿನ ಸಲ ಸಣ್ಣದೇ ಚೆನ್ನಾಗಿ ಕಾಣುತ್ತದೆ.

ಈ ಹಕ್ಕಿಯಲ್ಲಿ ಕಷ್ಟದ ಭಾಗ ಅದರ ಬಾಲ. ನಿಜವಾದ ಕವಲುತೋಕೆಯ ಬಾಲದ ಎರಡು ಎಳೆ ದಾರದಷ್ಟು ಸಣ್ಣ. ಎರಕದಲ್ಲಿ ಅಷ್ಟು ತೆಳು ಜಾಗಕ್ಕೆ ಲೋಹ ಹರಿಯುವ ಮೊದಲೇ ಹೆಪ್ಪುಗಟ್ಟಿಬಿಡಬಹುದು. ಎಲ್ಲೂ 3 ಮಿಲಿಮೀಟರ್‌ಗಿಂತ ಕಡಿಮೆ ಮಾಡಬೇಡಿ. ಎರಡು ಕವಲುಗಳ ನಡುವೆ ತೆಳು ಪೊರೆಯ ಹಾಗೆ ಸ್ವಲ್ಪ ಮೇಣ ಬಿಟ್ಟಿರಿ, ಎರಕದ ನಂತರ ಗರಗಸದಲ್ಲಿ ಬಿಡಿಸಬಹುದು. ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿ. ಹಾಗೆ ಮಾಡಿದರೆ ನಿಂತ ಕಾರಿನ ಮೇಲೂ ಹಾರುವ ಹಾಗೆ ಕಾಣುತ್ತದೆ. ಕೊಕ್ಕಿನ ತುದಿ ಮತ್ತು ರೆಕ್ಕೆಯ ಅಂಚು ಬೆರಳಿಗೆ ಚುಚ್ಚದಷ್ಟು ದುಂಡಗಿರಲಿ.

ಗರಿಯ ಗೆರೆಗಳನ್ನು ನಿಮಗೆ ಜಾಸ್ತಿ ಆಯಿತು ಅನ್ನಿಸುವಷ್ಟು ಆಳ ಕೊರೆಯಿರಿ. ನಾನು ಮಾಡಿದ ಒಂದು ಹದ್ದನ್ನು ಪ್ಲೇಟಿಂಗ್‌ಗೆ, ಅಂದರೆ ಮೇಲೆ ಹೊಳೆಯುವ ಲೋಹದ ಪದರ ಹಾಕಿಸಲು, ಕೊಟ್ಟಿದ್ದೆ. ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದು ಹಿಡಿದು ಎದೆಯ ಗರಿಗಳನ್ನೆಲ್ಲ ಸವೆಸಿಬಿಟ್ಟಿದ್ದರು. ವಾರಗಟ್ಟಲೆ ಕೆತ್ತಿದ್ದು ಹೋದಾಗ ತುಂಬಾ ನೋವಾಯಿತು. ಅಂದಿನಿಂದ ಉಜ್ಜುವ ಕೆಲಸ ನಾನೇ ಮಾಡುತ್ತೇನೆ. ಒರಟು ಎಮರಿ ಕಾಗದದಿಂದ ಶುರು ಮಾಡಿ ನುಣ್ಣನೆಯದಕ್ಕೆ ಬರುತ್ತೇನೆ. ಕ್ರೋಮ್ ಯಾವ ಕುಂದನ್ನೂ ಮುಚ್ಚುವುದಿಲ್ಲ. ತಾಮ್ರ, ನಿಕ್ಕಲ್, ಅದರ ಮೇಲೆ ಕ್ರೋಮ್ ಅಂತ ಪದರ ಹಾಕುತ್ತಾರೆ. ಆ ಕ್ರೋಮ್ ಪದರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೂ ಇರುವುದಿಲ್ಲ. ಕೆಳಗಿನ ಒಂದೊಂದು ಗೀರೂ ಹೊಳೆದು ಕಾಣುತ್ತದೆ. ಇನ್ನೊಂದು ವಿಷಯ. ಈ ಪದರಗಳನ್ನು ಕೂರಿಸುವುದು ವಿದ್ಯುತ್ತು ಹರಿಸಿ. ವಿದ್ಯುತ್ತು ಚೂಪು ತುದಿಗಳ ಕಡೆಗೆ ಜಾಸ್ತಿ ಹೋಗುತ್ತದೆ. ರೆಕ್ಕೆಯ ಸಂದಿಯಂಥ ಒಳಮೂಲೆಗಳಲ್ಲಿ ಪದರ ತೆಳುವಾಗಿ ಕೂರುತ್ತದೆ. ಆ ಸಂದಿಗಳನ್ನು ಸ್ವಲ್ಪ ಅಗಲವಾಗಿಯೇ ಬಿಡಿ.

ಲೋಹ ಕಂಚೇ ಇರಲಿ. ನಿಮ್ಮ ಹಳೆಯ ಬೊಂಬೆ ಬಹುಶಃ ಸತುವಿನ ಮಿಶ್ರಲೋಹದ್ದು. ಅದಕ್ಕೆ ನೀರು ಒಳಸೇರಿದರೆ ಕ್ರೋಮ್ ಕೆಳಗೆ ಗುಳ್ಳೆ ಏಳುತ್ತದೆ, ಕೊನೆಗೆ ಮುರಿಯುತ್ತದೆ. ಮಣ್ಣಿನ ಹಕ್ಕಿಯ ಸುತ್ತ ಸಿಲಿಕೋನ್ ರಬ್ಬರ್ ಅಚ್ಚು ತೆಗೆದು, ಅದರಲ್ಲಿ ಮೇಣದ ಹಕ್ಕಿ ಮಾಡಿಕೊಂಡು, ಎರಕದವರಿಗೆ ಕೊಡಿ. ರಬ್ಬರ್ ಅಚ್ಚನ್ನು ಎಸೆಯಬೇಡಿ. ಮೊದಲ ಎರಕ ಕೆಟ್ಟರೆ ಮತ್ತೊಂದು ಮೇಣದ ಹಕ್ಕಿ ಅದರಿಂದಲೇ ಬರುತ್ತದೆ.

ಕೊನೆಗೆ ಕೂರಿಸುವ ವಿಧಾನ. ಬಿಗಿಯಾಗಿ ನಟ್ ಹಾಕಿ ನಿಲ್ಲಿಸಿದ ಬೊಂಬೆ ಯಾರಿಗಾದರೂ ಡಿಕ್ಕಿಯಾದಾಗ ಚುಚ್ಚುವ ಆಯುಧವಾಗುತ್ತದೆ. ಕಾರಿನ ಹೊರಚಾಚುಗಳ ಬಗ್ಗೆ ವಿಶ್ವಸಂಸ್ಥೆಯ 26ನೇ ನಿಯಮ ಇದೆ. ಪೀಠದಿಂದ 10 ಮಿಲಿಮೀಟರ್‌ಗಿಂತ ಮೇಲೆ ಚಾಚಿದ ಬೊಂಬೆ ಸುಮಾರು 10 ಕಿಲೊ ಬಲಕ್ಕೆ ಒಳಸರಿಯಬೇಕು, ಕಳಚಬೇಕು ಇಲ್ಲವೇ ಬಾಗಬೇಕು ಅನ್ನುತ್ತದೆ ಅದು. ಹಳೆಯ ಕಾರಿಗೆ ಯಾರೂ ಕೇಳದಿದ್ದರೂ ನೀವು ಹಾಗೇ ಮಾಡಿ. ಪೀಠವನ್ನು ಬೋಲ್ಟಿನಲ್ಲಿ ಬಿಗಿಯಿರಿ. ಹಕ್ಕಿಯನ್ನು ಬೇರೆಯಾಗಿ ಮಾಡಿ, ಬಾನೆಟ್ ಕೆಳಗಿನ ಸ್ಪ್ರಿಂಗ್ ಅದನ್ನು ಪೀಠಕ್ಕೆ ಎಳೆದು ಹಿಡಿಯಲಿ. ಮರ್ಸಿಡಿಸ್ ಕಾರಿನ ಮೂರು ಮೊನೆಯ ನಕ್ಷತ್ರ ತಳ್ಳಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದಲ್ಲ, ಹಾಗೆ.

ಪ್ರಶ್ನೆ: ನಮ್ಮ ಹಳೆಯ ಕಾರಿಗೆ ರೋಲ್ಸ್ ರಾಯ್ಸ್ ದೇವತೆಯ ನಕಲು ಹಾಕಬಹುದೇ?

ಉತ್ತರ: ಬೇಡ. ಅದು ಶಿಲ್ಪಿ ಚಾರ್ಲ್ಸ್ ಸೈಕ್ಸ್ ಆ ಕಾರುಗಳಿಗೆಂದೇ ಮಾಡಿದ್ದು, 1911ರಿಂದ ಅವುಗಳ ಗುರುತು. ಟ್ರೇಡ್‌ಮಾರ್ಕ್ ಕೂಡ ಹೌದು. ನಿಮ್ಮ ಮನೆಯ ಕಾರಿನ ಜೊತೆ ನಿಮ್ಮ ಮನೆಯವರ ನೆನಪುಗಳಿವೆ. ಅದರಲ್ಲಿ ಒಂದನ್ನು ಆರಿಸಿ.

ಪ್ರಶ್ನೆ: ಹಿತ್ತಾಳೆ ಚೂರುಗಳನ್ನು ಮನೆಯ ಹಿಂದೆ ನಾನೇ ಕರಗಿಸಿ ಬೊಂಬೆ ಹೊಯ್ಯಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಹಿತ್ತಾಳೆಯಲ್ಲಿ ಸತು ಇದೆ. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಹಿತ್ತಾಳೆ ಕರಗುವುದೂ ಹೆಚ್ಚುಕಮ್ಮಿ ಅಷ್ಟೇ ಶಾಖಕ್ಕೆ. ಏಳುವ ಬಿಳಿ ಹೊಗೆ ಎಳೆದುಕೊಂಡರೆ ಚಳಿ ಜ್ವರ ಬರುತ್ತದೆ. ಅಚ್ಚಿನಲ್ಲಿ ಸ್ವಲ್ಪ ತೇವ ಉಳಿದಿದ್ದರೂ ಸಾಕು, ಹಬೆ ಸಿಡಿದು ಕಾದ ಲೋಹವನ್ನು ಮುಖಕ್ಕೆ ಎರಚುತ್ತದೆ. ಮೇಣದ ಕೆಲಸ ಪೂರ್ತಿ ನೀವೇ ಮಾಡಿ, ಬೊಂಬೆಯ ಜೀವ ಇರುವುದು ಅಲ್ಲೇ. ಆಮೇಲೆ ಅದನ್ನು ಮೆತ್ತನೆಯ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬಿಸಿಲು ಏರುವ ಮೊದಲೇ ಎರಕದವರ ಹತ್ತಿರ ಒಯ್ಯಿರಿ.